ಗಣಕ ಯೋಜನೆಯ ಸ್ಥಳಾಂತರ ಮತ್ತು ಕಾಣೆಯಾದ ಅಸೆಂಬ್ಲಿಗಳು

ಕನ್ನಡ ಮಾಧ್ಯಮದಲ್ಲಿ ಕಲಿತು ಸಾಫ್ಟ್‌ವೇರ್ ಉದ್ಯೋಗಕ್ಕೆ ಸೇರುವ ನಮ್ಮ ಮಕ್ಕಳಿಗೆ ಮೊದಲ ದಿನವೇ ಹೊಸತೊಂದನ್ನು ರಚಿಸುವ ಅವಕಾಶ ದೊರೆಯುವುದು ಅಪರೂಪ. ಹೆಚ್ಚಾಗಿ ಅವರ ಪಾಲಿಗೆ ಬರುವುದು, ಬೇರೆ ಯಾರೋ ಎಂದೋ ಬರೆದಿಟ್ಟ ಕಾರ್ಯಕ್ರಮವನ್ನು ಹೊಸ ಗಣಕಕ್ಕೆ ಅಥವಾ ಹೊಸ ಆವೃತ್ತಿಗೆ ಸಾಗಿಸುವ ಕೆಲಸ. ಸಾಗಿಸಿ ಗುಂಡಿ ಒತ್ತಿದೊಡನೆ ಪರದೆಯ ತುಂಬ ಇಂಗ್ಲಿಷಿನಲ್ಲಿ ನೂರಾರು ಕೆಂಪು ದೋಷಗಳು! 'ಇದು ನಮ್ಮಂಥವರಿಗೆ ಹೇಳಿದ್ದಲ್ಲ' ಎಂದು ಎದೆಗುಂದುವುದು ಇಲ್ಲಿಯೇ. ಆ ನೂರಕ್ಕೂ ಮೂಲ ಒಂದೆರಡೇ ಇರಬಹುದೆಂದು ಮೊದಲೇ ತಿಳಿಸಿ ಕಳುಹಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೈಕ್ರೋಸಾಫ್ಟ್ ಸಂಸ್ಥೆ 2002ರಲ್ಲಿ ಹೊರತಂದ ಡಾಟ್‌ನೆಟ್ ವ್ಯವಸ್ಥೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದರಲ್ಲಿ ಬಳಕೆಗೆ ಸಿದ್ಧವಾದ ಸಂಕೇತಗಳ ಕಟ್ಟಿಗೆ ಅಸೆಂಬ್ಲಿ ಎಂದು ಹೆಸರು. ಸಾಮಾನ್ಯವಾಗಿ ಅದೊಂದು ಡಿಎಲ್‌ಎಲ್ ಕಡತ. ಯಾವ ಕಟ್ಟು ಬೇಕು, ಅದು ಎಲ್ಲಿದೆ ಎಂಬ ಉಲ್ಲೇಖ ಯೋಜನಾ ಕಡತದಲ್ಲಿರುತ್ತದೆ. ಹಳೆಯ ವಿಳಾಸಕ್ಕೆ ಬರೆದ ಕಾಗದ ಹಿಂದಿರುಗಿದರೆ ಮನೆಯವರೇ ಇಲ್ಲವಾದರೆಂದು ಅರ್ಥವಲ್ಲವಷ್ಟೆ? ಇಲ್ಲಿಯೂ ಹಾಗೆಯೇ. ಸಿಎಸ್ 0246 ಎಂಬ ದೋಷವು 'ಈ ಹೆಸರು ಸಿಗುತ್ತಿಲ್ಲ' ಎಂದು ತಿಳಿಸಿ, 'ಉಲ್ಲೇಖ ಬಿಟ್ಟುಹೋಗಿದೆಯೆ?' ಎಂದು ತಾನೇ ಕೇಳುತ್ತದೆ.

ಕೆಂಪು ದೋಷಗಳಿಗೆ ಕೈಹಚ್ಚುವ ಮುನ್ನ ಹಳದಿ ಎಚ್ಚರಿಕೆಗಳನ್ನು ಓದಬೇಕು. ಎಂಎಸ್‌ಬಿ 3245 ಎಂಬ ಎಚ್ಚರಿಕೆಯಲ್ಲಿ ಯಾವ ಅಸೆಂಬ್ಲಿ ಸಿಗಲಿಲ್ಲವೆಂದು ಹೆಸರು ಹಿಡಿದು ಹೇಳಿರುತ್ತದೆ. ಅದನ್ನು ಸರಿಪಡಿಸಿದರೆ ಕೆಂಪು ಸಾಲುಗಳು ಹಿಂಡುಹಿಂಡಾಗಿ ಮರೆಯಾಗುವುದುಂಟು.

ಕಾರಣಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ಉಲ್ಲೇಖವು ಹಳೆಯ ಗಣಕದ ಯಾವುದೋ ಕೋಶವನ್ನು ತೋರಿಸುತ್ತಿರುವುದು. ಕಡತವನ್ನು ಯೋಜನೆಯೊಳಗಿನ ಕೋಶದಲ್ಲಿಯೇ ಇರಿಸಿ ದಾರಿಯನ್ನು ತಿದ್ದಿದರಾಯಿತು. ಎರಡನೆಯದು, ನ್ಯೂಗೆಟ್ ಭಂಡಾರದಿಂದ ಬರಬೇಕಾದ ಕಟ್ಟು ಇಳಿದುಬಂದಿಲ್ಲದಿರುವುದು. ಇದಕ್ಕೆ 'ರಿಸ್ಟೋರ್' ಆಜ್ಞೆಯೇ ಮದ್ದು. ಮೂರನೆಯದು, ಆವೃತ್ತಿಗಳ ಹೊಂದಾಣಿಕೆಯಿಲ್ಲದಿರುವುದು. ಯೋಜನೆಯ ಗುರಿ 4.5 ಆಗಿದ್ದು ಕಡತವು 4.7.2ಕ್ಕಾಗಿ ತಯಾರಾದುದಾದರೆ, ಎದುರಿಗಿದ್ದರೂ ಅದನ್ನು ಸ್ವೀಕರಿಸಲಾಗುವುದಿಲ್ಲ. ಆಗ ಯೋಜನೆಯ ಗುರಿಯನ್ನು ಏರಿಸಬೇಕು, ಇಲ್ಲವೆ ಹೊಂದುವ ಕಡತವನ್ನು ತರಬೇಕು.

ನಾಲ್ಕನೆಯದೇ ಕಠಿಣ. 2016ರ ಡಾಟ್‌ನೆಟ್ ಕೋರ್‌ನಿಂದ ಮೊದಲಾದ ಹೊಸ ಸಾಲಿನಲ್ಲಿ, 2020ರ ಡಾಟ್‌ನೆಟ್ 5 ಮತ್ತು ಅನಂತರದವುಗಳಲ್ಲಿಯೂ, ಹಳೆಯ ಕೆಲವು ಭಾಗಗಳು ಜೊತೆಯಲ್ಲಿ ಬರುವುದಿಲ್ಲ. ಕಾನ್ಫಿಗರೇಶನ್ ಮ್ಯಾನೇಜರ್‌ನಂಥವನ್ನು ಬೇರೆ ಕಟ್ಟಾಗಿ ಸೇರಿಸಿಕೊಳ್ಳಬಹುದು. ಆದರೆ ಹಳೆಯ ಜಾಲತಾಣಗಳ ಆಧಾರವಾಗಿದ್ದ ಸಿಸ್ಟಮ್ ಡಾಟ್ ವೆಬ್ ಬಹುಮಟ್ಟಿಗೆ ಇಲ್ಲ. ಅದನ್ನು ನಂಬಿದ ಭಾಗವನ್ನು ಮತ್ತೆ ಬರೆಯದೆ ಗತಿಯಿಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ದೋಷ ತೋರುವ ಸಾಲುಗಳನ್ನೇ ಅಳಿಸಿ ಪರದೆಯನ್ನು ಶುಭ್ರಗೊಳಿಸುವ ಆಸೆ ಯಾರಿಗೂ ಬರುವಂಥದು. ಅಳಿಸಿದ್ದು ಸಹಕಾರಿ ಸಂಘವೊಂದರ ಬಡ್ಡಿ ಲೆಕ್ಕದ ಸಾಲಾಗಿದ್ದರೆ? ಪರದೆಯಲ್ಲಿ ದೋಷವಿರದು, ಠೇವಣಿದಾರನ ಖಾತೆಯಲ್ಲಿರುತ್ತದೆ. ಆದುದರಿಂದ ಹಳೆಯ ಪ್ರತಿಯನ್ನು ಜೋಪಾನವಾಗಿಟ್ಟು, ಒಂದೊಂದೇ ಉಲ್ಲೇಖವನ್ನು ತಿದ್ದಿ, 'ಬಿನ್' ಮತ್ತು 'ಆಬ್ಜ್' ಕೋಶಗಳನ್ನು ತೆರವುಗೊಳಿಸಿ ಮತ್ತೆ ಕಟ್ಟಬೇಕು. ಕಟ್ಟಿದ್ದು ಯಶಸ್ವಿಯಾದರೆ ಸಾಲದು. ನಡೆಯುವಾಗಲೂ ಕಡತ ಸಿಗದೆ ಕಾರ್ಯಕ್ರಮ ನಿಲ್ಲಬಹುದು. ಹಳೆಯದೂ ಹೊಸದೂ ಒಂದೇ ಲೆಕ್ಕ ಕೊಡುತ್ತವೆಯೇ ಎಂದು ತಾಳೆ ನೋಡಿದ ಮೇಲೆಯೇ ಕೆಲಸ ಮುಗಿದಂತೆ.

ಹೊಸ ಡಾಟ್‌ನೆಟ್ ಉಚಿತವಾಗಿ ದೊರೆಯುತ್ತದೆ, ಲಿನಕ್ಸ್‌ನಲ್ಲಿಯೂ ನಡೆಯುತ್ತದೆ. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಳಸಿ ಬಲ್ಲ ನಮ್ಮ ಮಕ್ಕಳಿಗೆ ಇದೊಂದು ಅನುಕೂಲ. ಅಲ್ಲಿ ಕಡತದ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಗಳು ಬೇರೆಬೇರೆಯೆಂಬುದೊಂದು ನೆನಪಿರಲಿ. ವಿಂಡೋಸ್‌ನಲ್ಲಿ ಸಿಗುತ್ತಿದ್ದ ಕಡತ ಇಲ್ಲಿ ಸಿಗದಿರಲು ಅದೂ ಒಂದು ಕಾರಣ.

ಇನ್ನು ಇಂಗ್ಲಿಷಿನ ಭಯ. ದೋಷದ ಸಂಖ್ಯೆ ಯಾವ ಭಾಷೆಯವರಿಗೂ ಒಂದೇ. ಮಕ್ಕಳು ಒಂದು ನೋಟುಪುಸ್ತಕವಿಟ್ಟು, ಸಂಖ್ಯೆಯ ಎದುರು ಅದರ ಅರ್ಥವನ್ನೂ ಪರಿಹಾರವನ್ನೂ ಕನ್ನಡದಲ್ಲಿ ಬರೆದುಕೊಳ್ಳಲಿ. ಹತ್ತಿಪ್ಪತ್ತು ಪುಟ ತುಂಬುವಷ್ಟರಲ್ಲಿ ಕೆಂಪು ಪರದೆ ಹಳೆಯ ಪರಿಚಿತನಂತೆ ಕಾಣತೊಡಗುತ್ತದೆ.