ಸಂಸತ್ತಿನಲ್ಲಿ ಬಸವಣ್ಣ: ಜಾಗ ಹೇಳೋರು ಯಾರು?

ಸೊಲ್ಲಾಪುರ: ಬಸವಣ್ಣನವರು ಕರಣಿಕರಾಗಿ ದುಡಿದ ಮಂಗಳವೇಢೆ ಈ ಜಿಲ್ಲೆಯ ಊರು. ದಿಲ್ಲಿಯ ಸಂಸತ್ ಆವರಣದಲ್ಲಿ ಅವರ ಪ್ರತಿಮೆಯನ್ನು ರಾಷ್ಟ್ರಪತಿ ಅಬ್ದುಲ್ ಕಲಾಂ 2003ರ ಏಪ್ರಿಲ್ 28ರಂದು ಅನಾವರಣಗೊಳಿಸಿದರು. 2007ರಲ್ಲಿ ಕಿತ್ತೂರು ಚೆನ್ನಮ್ಮನ ಪ್ರತಿಮೆಯೂ ಬಂತು.

ಅಲ್ಲಿ ಯಾರ ಪ್ರತಿಮೆ ಬೇಕು, ಎಲ್ಲಿ ನಿಲ್ಲಬೇಕು ಎಂದು ನೋಡಲು ಉಭಯ ಸದನಗಳ ಸದಸ್ಯರ ಸಮಿತಿ ಇತ್ತು. ಇದು ಹಳೆಯ ಪದ್ಧತಿ. 1927ರಲ್ಲಿ ಉದ್ಘಾಟನೆಯಾದ ಕಟ್ಟಡದ ಪಡಸಾಲೆಗೆ ಭಿತ್ತಿಚಿತ್ರ ಬರೆಸಲು 1951ರಲ್ಲೇ ಸ್ಪೀಕರ್ ಮಾವಳಂಕರ್ ಅಧ್ಯಕ್ಷತೆಯಲ್ಲಿ ಸಮಿತಿಯಾಗಿತ್ತು. ಕಟ್ಟಡದ ಪಾರಂಪರಿಕ ರೂಪ ಕಾಯಲು 2009ರಲ್ಲಿ ಇನ್ನೊಂದು ಜಂಟಿ ಸಮಿತಿ ಬಂತು.

2023ರ ಸೆಪ್ಟೆಂಬರ್‌ನಲ್ಲಿ ಕಲಾಪ ಹೊಸ ಕಟ್ಟಡಕ್ಕೆ ಹೋಯ್ತು. ಹಳೆಯದು 'ಸಂವಿಧಾನ ಸದನ'ವಾಯಿತು. 2024ರ ಜೂನ್‌ನಲ್ಲಿ ಗಾಂಧೀಜಿ, ಅಂಬೇಡ್ಕರ್, ಶಿವಾಜಿ ಮುಂತಾದವರ ಪ್ರತಿಮೆಗಳನ್ನು 'ಪ್ರೇರಣಾ ಸ್ಥಳ'ದಲ್ಲಿ ಒಟ್ಟಿಗೆ ನಿಲ್ಲಿಸಲಾಯಿತು. ಯಾರನ್ನೂ ಕೇಳದೆ ಸರಿಸಿದರು ಎಂದು ವಿರೋಧ ಪಕ್ಷಗಳು ದೂರಿದವು. ಚರ್ಚಿಸಿಯೇ ಮಾಡಲಾಗಿದೆ, ಯಾವ ಪ್ರತಿಮೆಯನ್ನೂ ತೆಗೆದಿಲ್ಲ, ಬಂದವರಿಗೆ ಒಂದೇ ಕಡೆ ನೋಡಲು ಸಿಗುತ್ತದೆ ಎಂಬುದು ಸ್ಪೀಕರ್ ಓಂ ಬಿರ್ಲಾ ಉತ್ತರ.

ಕಟ್ಟಡ, ಕಲೆ ಎರಡೂ ಜನರ ಸ್ವತ್ತು. ಸರಿಸುವ ಮೊದಲು ಸಮಿತಿ ಸೇರಿತ್ತೇ ಎಂದು ಗಡಿಭಾಗದ ಕನ್ನಡಿಗರೂ ತಮ್ಮ ಸಂಸದರನ್ನು ಕೇಳಬಹುದು.