ಕುಲವಿಲ್ಲದವರ ಕುಲನಾಮ

ದಕ್ಷಿಣ ಇಟಲಿಯ ಕಡಲ ತಡಿಯಲ್ಲಿರುವ ನೇಪಲ್ಸ್ ನಗರದಲ್ಲಿ ಎಸ್ಪೋಸಿತೊ ಎಂಬುದರಷ್ಟು ಬಳಕೆಯಲ್ಲಿರುವ ಕುಲನಾಮ ಮತ್ತೊಂದಿಲ್ಲ. ವಕೀಲರ ನಾಮಫಲಕದ ಮೇಲೆ ಅದು ಉಂಟು, ರೊಟ್ಟಿಯಂಗಡಿಯ ಹಲಗೆಯ ಮೇಲೂ ಉಂಟು. ಈಗ ನಮ್ಮ ಊರುಗಳಲ್ಲಿಯೂ ಮನೆಮಾತಾಗಿರುವ ಪಿಜ್ಜಾದ ಚರಿತ್ರೆಯಲ್ಲಿಯೂ ಅದೇ ಹೆಸರು ಎದುರಾಗುತ್ತದೆ. 1889ರಲ್ಲಿ ಇಟಲಿಯ ರಾಣಿ ಮಾರ್ಗೆರೀತಾ ನೇಪಲ್ಸಿಗೆ ಬಂದಾಗ ಆಕೆಯ ಹೆಸರಿನ ಪಿಜ್ಜಾವನ್ನು ಮಾಡಿಕೊಟ್ಟವನು ರಫಾಯೆಲೆ ಎಸ್ಪೋಸಿತೊ ಎಂಬುದು ಅಲ್ಲಿನ ಪ್ರತೀತಿ. ಆ ಕಥೆ ಎಷ್ಟು ನಿಜ, ಎಷ್ಟು ಅಲಂಕಾರ ಎಂಬುದನ್ನು ಪಂಡಿತರು ಚರ್ಚಿಸಿಕೊಳ್ಳಲಿ. ನಮಗಿಲ್ಲಿ ಬೇಕಾದದ್ದು ಆ ಬಾಣಸಿಗನ ಹೆಸರು. ಅದರ ಅರ್ಥವನ್ನು ಒಮ್ಮೆ ತಿಳಿದವನಿಗೆ ನೇಪಲ್ಸಿನ ನಾಮಫಲಕಗಳನ್ನು ಸುಮ್ಮನೆ ಓದಿಕೊಂಡು ಮುಂದೆ ಹೋಗುವುದು ಕಷ್ಟ.

ಶಬ್ದದ ಮೂಲ ಲ್ಯಾಟಿನ್. ‘ಎಕ್ಸ್’ ಎಂದರೆ ಹೊರಗೆ. ‘ಪೊನೆರೆ’ ಎಂದರೆ ಇಡುವುದು. ಎರಡೂ ಸೇರಿ ‘ಎಕ್ಸ್‌ಪೊಸಿತುಸ್’, ಅಂದರೆ ಹೊರಗೆ ಇಡಲ್ಪಟ್ಟವನು. ಛಾಯಾಗ್ರಾಹಕರು ಹೇಳುವ ‘ಎಕ್ಸ್‌ಪೋಷರ್’ ಕೂಡ ಇದೇ ಧಾತುವಿನ ಸಂತಾನ. ಅಲ್ಲಿ ಹೊರಗಿಡುವುದು ಬೆಳಕಿಗೆ, ಇಲ್ಲಿ ಬೀದಿಗೆ. ಹೆತ್ತವರು ಹೊರಗಿಟ್ಟು ಹೋದ ಹಸುಗೂಸು ಎಂಬುದೇ ಈ ಕುಲನಾಮದ ಅರ್ಥ. ಇಟಲಿಯ ಆಡುನುಡಿಯಲ್ಲಿ ಈ ಶಬ್ದ ಸವೆದು ‘ಎಸ್ಪೋಸ್ತೊ’ ಆಗಿದೆ. ಕುಲನಾಮದಲ್ಲಿ ಮಾತ್ರ ಲ್ಯಾಟಿನ್ನಿಗೆ ಸಮೀಪವಾದ ಹಳೆಯ ರೂಪ ಉಳಿದುಕೊಂಡಿದೆ. ಮನೆಯಂಗಳದಲ್ಲಿ ಹುಟ್ಟಿದ ಹೆಸರಲ್ಲ ಇದು, ಲ್ಯಾಟಿನ್ ಬಲ್ಲವರ ದಾಖಲೆಪುಸ್ತಕದಿಂದ ಬಂದದ್ದು.

ಆ ದಾಖಲೆಪುಸ್ತಕಗಳು ಇದ್ದ ಸ್ಥಳ ಅನುನ್ಸಿಯಾತಾ. 14ನೆಯ ಶತಮಾನದಲ್ಲಿ ಸ್ಥಾಪನೆಗೊಂಡ ಈ ಧರ್ಮಸಂಸ್ಥೆಯಲ್ಲಿ ಚರ್ಚು, ಆಸ್ಪತ್ರೆ, ಶಿಶುಗೃಹ ಎಲ್ಲವೂ ಸೇರಿದ್ದವು. ಕಟ್ಟಡದ ಬೀದಿಬದಿಯ ಗೋಡೆಯಲ್ಲಿ ಒಂದು ಕಂಡಿ. ಕಂಡಿಯ ಹಿಂದೆ ಮರದ ಒಂದು ತಿರುಗುಪೆಟ್ಟಿಗೆ. ಇಟಲಿಯನ್ನರು ಇದನ್ನು ‘ರುವೋತಾ’, ಚಕ್ರ, ಎಂದು ಕರೆದರು. ಕತ್ತಲಾದ ಮೇಲೆ ಬಂದವಳು ಕೂಸನ್ನು ಅದರೊಳಗಿಟ್ಟು ತಿರುಗಿಸಿದರೆ ಕೂಸು ಒಳಮನೆಯನ್ನು ಸೇರುತ್ತಿತ್ತು. ಒಳಗಿದ್ದವರಿಗೆ ಹೊರಗಿನ ಮುಖ ಕಾಣದು. ಹೊರಗಿದ್ದವಳಿಗೆ ಕೂಸನ್ನು ಎತ್ತಿಕೊಂಡ ಕೈ ಕಾಣದು. ಒಳಗಿನವರು ಕೂಸನ್ನು ತೊಳೆದು ಒರೆಸಿ, ಬಂದ ಹೊತ್ತು, ಉಟ್ಟ ಬಟ್ಟೆ, ಮೈಮೇಲಿನ ಗುರುತು ಇವನ್ನೆಲ್ಲ ಬರೆದುಕೊಂಡು, ಕೊರಳಿಗೆ ಸೀಸದ ಬಿಲ್ಲೆಯೊಂದನ್ನು ಕಟ್ಟುತ್ತಿದ್ದರು. ಬಳಿಕ ನಾಮಕರಣ. ಎಲ್ಲ ಕೂಸುಗಳಿಗೂ ಒಂದೇ ಕುಲನಾಮ: ಎಸ್ಪೋಸಿತೊ.

ಊರಿನವರ ಬಾಯಲ್ಲಿ ಈ ಮಕ್ಕಳಿಗೆ ಬೇರೊಂದು ಹೆಸರಿತ್ತು: ‘ಮದೋನ್ನಳ ಮಕ್ಕಳು’, ಮೇರಿಮಾತೆಯ ಮಕ್ಕಳು. ದಾಖಲೆ ಅವರನ್ನು ಹೊರಗಿಟ್ಟವರೆಂದಿತು. ಜನ ದೇವಮಾತೆಯ ಮಡಿಲಿಗೆ ಹಾಕಿದರು. ಎರಡರಲ್ಲಿ ಯಾವುದು ಹೆಚ್ಚು ಕರುಣೆಯ ಮಾತೆಂದು ಹೇಳಬೇಕಾಗಿಲ್ಲ. ಆದರೆ ಕಾಗದದ ಮೇಲೆ ಉಳಿದದ್ದು ಮೊದಲನೆಯದು. ನಮ್ಮ ಪಂಪನ ಕಾವ್ಯವನ್ನು ಓದಿದವರಿಗೆ ನದಿಯಲ್ಲಿ ತೇಲಿಬಂದ ಕರ್ಣನ ನೆನಪಾಗದಿರದು. ಅವನಿಗೆ ರಾಧೇಯನೆಂಬ ಹೆಸರು ಬಂದದ್ದಾದರೂ ಸಾಕಿದ ತಾಯಿಯಿಂದ, ಬಿಟ್ಟ ತಾಯಿಯಿಂದಲ್ಲ. ನೇಪಲ್ಸಿನ ಕೂಸಿಗೆ ಅಷ್ಟು ಭಾಗ್ಯವೂ ಇರಲಿಲ್ಲ.

ಕೂಸನ್ನು ಬಿಟ್ಟವರು ಯಾರು? ಮದುವೆಯಾಗದೆ ತಾಯಿಯಾದವರು ಎಂದೊಡನೆ ಮನಸ್ಸಿಗೆ ಬರುತ್ತದೆ. ಅವರೂ ಇದ್ದರು, ಅವರಷ್ಟೇ ಅಲ್ಲ. ಉತ್ತರದ ಮಿಲಾನಿನಲ್ಲಿ 19ನೆಯ ಶತಮಾನದಲ್ಲಿ ಹೀಗೆ ಬಂದ ಕೂಸುಗಳಲ್ಲಿ ದೊಡ್ಡ ಪಾಲು ವಿವಾಹಿತ ದಂಪತಿಗಳ ಮಕ್ಕಳೇ. ಕೂಲಿಗೆ ಹೋಗುವ ತಾಯಿ ಮೊಲೆಯೂಡಿಸಲಾರದೆ, ದಾದಿಗೆ ಕೊಡಲು ಹಣವಿಲ್ಲದೆ, ಕೂಸನ್ನು ಚಕ್ರದಲ್ಲಿಟ್ಟು, ಒಂದೆರಡು ವರ್ಷದ ಮೇಲೆ ಬಂದು ಬಿಡಿಸಿಕೊಳ್ಳುತ್ತಿದ್ದಳು. ಫ್ಲಾರೆನ್ಸಿನ ಶಿಶುಗೃಹದಲ್ಲಿ ಇಂದಿಗೂ ಅರ್ಧಕ್ಕೆ ಕತ್ತರಿಸಿದ ಪದಕಗಳ ಸಂಗ್ರಹವೊಂದಿದೆ. ಒಂದು ಅರ್ಧ ಕೂಸಿನ ಬಟ್ಟೆಯಲ್ಲಿ, ಇನ್ನೊಂದರ್ಧ ತಾಯಿಯ ಬಳಿಯಲ್ಲಿ. ಮುಂದೊಂದು ದಿನ ಎರಡೂ ಕೂಡಿದರೆ ಮಗು ಇವಳದೆಂಬುದಕ್ಕೆ ಅದೇ ಸಾಕ್ಷಿ. ವಸ್ತುಸಂಗ್ರಹಾಲಯದಲ್ಲಿ ಉಳಿದಿರುವುದು ಒಂದೊಂದೇ ಅರ್ಧ.

ಹೀಗೆ ಬಿಡಿಸಿಕೊಂಡ ಮಗು ಮನೆಯ ಹೆಸರಿಗೆ ಮರಳುತ್ತಿತ್ತು. ಉಳಿದವರಲ್ಲಿ ಹಾಲು ಸಾಲದೆ, ರೋಗ ತಗಲಿ, ಎಳವೆಯಲ್ಲೇ ಮಡಿದವರು ಬಹಳ. ಇಂದು ಕಾಣುವ ಎಸ್ಪೋಸಿತೊ ಮನೆತನಗಳು ಸಾಮಾನ್ಯವಾಗಿ ಯಾರೂ ಹುಡುಕಿಕೊಂಡು ಬಾರದ, ಆದರೂ ಬದುಕಿ ಬೆಳೆದ ಒಂದೊಂದು ಗಂಡುಕೂಸಿನಿಂದ ಆರಂಭವಾದವು. ಆದ್ದರಿಂದಲೇ ಇಬ್ಬರು ಎಸ್ಪೋಸಿತೊಗಳು ಭೇಟಿಯಾದರೆ ಅವರು ದಾಯಾದಿಗಳೆಂದು ಊಹಿಸಲು ಕಾರಣವಿಲ್ಲ. ಒಂದೇ ಬೇರಿನಿಂದ ಕವಲೊಡೆದ ಮರವಲ್ಲ ಇದು. ಒಂದೊಂದು ಗಿಡವೂ ಬೇರೆ ಬೇರೆ.

ಊರೂರಿಗೆ ಈ ಹೆಸರು ಬದಲಾಗುತ್ತದೆ. ರೋಮಿನಲ್ಲಿ ಪ್ರೊಯೆತ್ತಿ, ಎಂದರೆ ಎಸೆಯಲ್ಪಟ್ಟವರು. ಇದು ಇನ್ನೂ ಕಠೋರ. ಸಿಸಿಲಿಯಲ್ಲಿ ತ್ರೊವಾತೊ, ಸಿಕ್ಕಿದವನು. ಇಲ್ಲಿ ದೃಷ್ಟಿ ಬಿಟ್ಟವರದಲ್ಲ, ಎತ್ತಿಕೊಂಡವರದು. ಫ್ಲಾರೆನ್ಸಿನ ಶಿಶುಗೃಹವನ್ನು ರೂಪಿಸಿದವನು ಮಹಾಶಿಲ್ಪಿ ಬ್ರುನೆಲ್ಲೆಸ್ಕಿ. 1445ರಲ್ಲಿ ಅದು ತೆರೆಯಿತು. ಹೆರೋದ ರಾಜ ಕೊಲ್ಲಿಸಿದನೆಂದು ಬೈಬಲ್ ಹೇಳುವ ನಿರ್ದೋಷಿ ಶಿಶುಗಳ ನೆನಪಿಗೆ ಅದಕ್ಕೆ ‘ಇನ್ನೊಚೆಂತಿ’ ಎಂದು ಹೆಸರಿಟ್ಟರು. ಅಲ್ಲಿ ಬೆಳೆದವರ ಕುಲನಾಮವೂ ಇನ್ನೊಚೆಂತಿ. ಮಿಲಾನಿನ ದೊಡ್ಡಾಸ್ಪತ್ರೆಯ ಲಾಂಛನ ಪಾರಿವಾಳ. ಅಲ್ಲಿಯ ಮಕ್ಕಳು ಕೊಲೊಂಬೊ, ಪಾರಿವಾಳ, ಆದರು. ಕೊಲಂಬಸ್ಸನ ಹೆಸರೂ ಅದೇ ಅಲ್ಲವೇ ಎಂದು ಓದುಗರು ಕೇಳಬಹುದು. ಹೌದು, ಆದರೆ ಅವನು ಜಿನೋವದವನು, ನೇಯ್ಗೆಯವನ ಮಗ, ಮಿಲಾನಿನ ಆಸ್ಪತ್ರೆಗೂ ಅವನಿಗೂ ಸಂಬಂಧವಿಲ್ಲ. ಹೆಸರೊಂದೇ ಎಂದು ಮೂಲವೂ ಒಂದೇ ಎನ್ನಲಾಗದು.

ಹಣೆಯ ಮೇಲೆ ಬರೆದಂತಿದ್ದ ಈ ಹೆಸರು ಅನ್ಯಾಯವೆಂಬುದು ಆಳುವವರಿಗೆ ಹೊಳೆದದ್ದು ತಡವಾಗಿ. ‘ಎಕ್ಸ್‌ಪೊಸಿತೊ’ ಎಂಬ ರೂಪದಲ್ಲಿ ಇದೇ ಕುಲನಾಮವಿರುವ ಸ್ಪೇನಿನಲ್ಲಿ 1794ರಲ್ಲಿ ನಾಲ್ಕನೆಯ ಕಾರ್ಲೋಸ್ ದೊರೆ ಇಂಥ ಮಕ್ಕಳನ್ನು ಸಕ್ರಮ ಸಂತಾನದಂತೆಯೇ ಕಾಣಬೇಕೆಂದು ಆಜ್ಞೆ ಹೊರಡಿಸಿದನು. ನೇಪಲ್ಸಿನಲ್ಲಿ ಆಗ ಅರಸನಾಗಿದ್ದ, ನೆಪೋಲಿಯನ್ನನ ತಂಗಿಯ ಗಂಡ ಮ್ಯೂರಾ, ಕೂಸುಗಳಿಗೆ ಎಸ್ಪೋಸಿತೊ ಎಂದು ಹೆಸರಿಡುವುದನ್ನು 1814ರಲ್ಲಿ ನಿಲ್ಲಿಸಿದನು. ಮಿಲಾನಿನಲ್ಲಿ ಕೊಲೊಂಬೊ 1825ರಲ್ಲಿ ನಿಂತಿತು. ಅನುನ್ಸಿಯಾತಾದ ಚಕ್ರ ಮುಚ್ಚಿದ್ದು 1875ರಲ್ಲಿ. ಇಡೀ ಇಟಲಿಯಲ್ಲಿ ಚಕ್ರಗಳನ್ನು ರದ್ದುಗೊಳಿಸಿದ್ದು 1923ರಲ್ಲಿ. ಹೊಸ ಕೂಸುಗಳಿಗೆ ಇಂಥ ಹೆಸರು ತಪ್ಪಿತು, ನಿಜ. ಹಳೆಯ ಕೂಸುಗಳು ಅಷ್ಟರಲ್ಲಿ ತಂದೆಯರಾಗಿ, ತಾತಂದಿರಾಗಿ, ಹೆಸರನ್ನು ಮಕ್ಕಳು ಮೊಮ್ಮಕ್ಕಳಿಗೆ ದಾಟಿಸಿಬಿಟ್ಟಿದ್ದರು.

2000ದಲ್ಲಿ ಹೊರಡಿಸಿದ ಇಟಲಿಯ ನಿಯಮಾವಳಿಯೂ ಈ ವಿಷಯವನ್ನು ಮರೆತಿಲ್ಲ. ತಂದೆತಾಯಿಗಳು ಯಾರೆಂದು ತಿಳಿಯದ ಮಗುವಿಗೆ ಅದರ ಹುಟ್ಟನ್ನು ಸೂಚಿಸುವ ಹೆಸರನ್ನು ಇಡಕೂಡದು. ಅಂಥ ಹೆಸರನ್ನು ಹೊತ್ತವರು ಅದನ್ನು ಬದಲಾಯಿಸಿಕೊಡಿರೆಂದು ಅಧಿಕಾರಿಗಳಿಗೆ ಅರ್ಜಿ ಹಾಕಬಹುದು. ಬಾಗಿಲು ಹೀಗೆ ತೆರೆದಿದ್ದರೂ ನೇಪಲ್ಸಿನಲ್ಲಿ ಎಸ್ಪೋಸಿತೊವೇ ಇಂದಿಗೂ ಮೊದಲನೆಯ ಹೆಸರು.

ಅನುನ್ಸಿಯಾತಾದ ಗೋಡೆಯ ಆ ಚಕ್ರವನ್ನು ಈಗ ಪ್ರವಾಸಿಗರು ಹೋಗಿ ನೋಡಬಹುದು. ಹಳೆಯ ದಾಖಲೆಪುಸ್ತಕಗಳೂ ಉಳಿದಿವೆ. ತನ್ನ ವಂಶವೃಕ್ಷವನ್ನು ಹುಡುಕುತ್ತ ಹೋಗುವ ಎಸ್ಪೋಸಿತೊ ಅಜ್ಜ, ಮುತ್ತಜ್ಜ, ಅವನ ಅಜ್ಜ ಎಂದು ಹಿಂದೆ ಹಿಂದೆ ಸರಿದು ಕೊನೆಗೆ ಆ ಪುಸ್ತಕದ ಒಂದು ಪುಟಕ್ಕೆ ಬಂದು ನಿಲ್ಲುತ್ತಾನೆ. ತಂದೆಯ ಹೆಸರಿರಬೇಕಾದಲ್ಲಿ ಅವನಿಗೆ ಸಿಗುವುದು ಕೂಸು ಬಂದ ಹೊತ್ತು ಮತ್ತು ಅದರ ಮೈಮೇಲಿದ್ದ ಬಟ್ಟೆಯ ವಿವರ.