ಉಕ್ಕಿನ ಕಿಟ್ಟವೂ ಸಿಮೆಂಟೂ

ಕಾಲುವೆ, ಕಣ, ದನದ ಕೊಟ್ಟಿಗೆ, ಗೊಬ್ಬರದ ಗುಂಡಿ, ಬಾವಿಯ ಕಟ್ಟೆ, ಇವುಗಳಲ್ಲಿ ಯಾವುದನ್ನು ಕಟ್ಟಿಸಬೇಕಾದರೂ ಈಗ ಸಿಮೆಂಟು ಅವಶ್ಯಕವಾಗಿರುವುದು. ಉಕ್ಕಿನ ಕಾರ್ಖಾನೆಯ ಕಿಟ್ಟವನ್ನು ಇಂಗಾಲಾಮ್ಲವಾಯುವಿನಿಂದ ಸಂಸ್ಕರಿಸಿ ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಉಪಯೋಗಿಸುವ ವಿಧಾನವು ಇತ್ತೀಚೆಗೆ ತಜ್ಞರ ಗಮನವನ್ನು ಸೆಳೆದಿದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆಯಿರುವುದರಿಂದ ಈ ವಿಷಯವನ್ನು ನಮ್ಮ ಗ್ರಾಮಮುಖಂಡರೂ ಭೂಮಾಲೀಕರೂ ತಿಳಿದಿರುವುದು ಒಳ್ಳೆಯದು.

ಕಿಟ್ಟದಲ್ಲಿ ಎರಡು ಬಗೆಗಳುಂಟು. ಕಬ್ಬಿಣದ ಅದಿರನ್ನು ಊದುಕುಲುಮೆಯಲ್ಲಿ ಕರಗಿಸುವಾಗ ಬರುವುದು ಮೊದಲನೆಯದು. ಇದನ್ನು ನೀರಿನಿಂದ ಥಟ್ಟನೆ ತಣಿಸಿ, ಅರೆದು, ನೂರಕ್ಕೆ ೨೫ರಿಂದ ೭೦ ಭಾಗದವರೆಗೆ ಬೆರೆಸಿ ಸ್ಲ್ಯಾಗ್ ಸಿಮೆಂಟನ್ನು ಮಾಡುತ್ತಾರೆ. ಕಬ್ಬಿಣವನ್ನು ಉಕ್ಕಾಗಿ ಮಾರ್ಪಡಿಸುವಾಗ ಬರುವುದು ಎರಡನೆಯದು. ಒಂದು ಟನ್ ಉಕ್ಕಿಗೆ ಇದು ಸುಮಾರು ೧೦೦ರಿಂದ ೧೫೦ ಕಿಲೋಗ್ರಾಮ್ ಬೀಳುವುದು. ಈ ಎರಡನೆಯ ಬಗೆಯೇ ಇಲ್ಲಿ ಪ್ರಸ್ತುತವಾದುದು.

ಉಕ್ಕಿನ ಕಿಟ್ಟದಲ್ಲಿ ಕೂಡದೆ ಉಳಿದ ಸುಟ್ಟ ಸುಣ್ಣವೂ ಮೆಗ್ನೀಷಿಯವೂ ಇರುವುವು. ಸರಿಯಾಗಿ ಅರಳದ ಸುಣ್ಣದ ಹರಳು ಗಾರೆಯಲ್ಲಿ ಉಳಿದರೆ ಮುಂದೆ ಅದು ಅರಳಿ ಗೋಡೆಯನ್ನು ಸಿಡಿಸುವುದೆಂಬುದನ್ನು ಎಲ್ಲರೂ ಬಲ್ಲರು. ಹಸಿ ಕಿಟ್ಟದ ದೋಷವೂ ಇದೇ. ಮೆಗ್ನೀಷಿಯವು ಇನ್ನೂ ನಿಧಾನವಾಗಿ ಅರಳತಕ್ಕದ್ದಾದ್ದರಿಂದ, ಹಲವು ವರ್ಷ ಚೆನ್ನಾಗಿದ್ದ ಕಟ್ಟಡವೂ ಬಿರುಕು ಬಿಡಬಹುದು.

ಈ ದೋಷವನ್ನು ಪರಿಹರಿಸುವುದಕ್ಕಾಗಿ ಕಿಟ್ಟವನ್ನು ನುಣ್ಣಗೆ ಅರೆದು, ತೇವಗೊಳಿಸಿ, ಇಂಗಾಲಾಮ್ಲವಾಯುವಿನಲ್ಲಿ ಇಡುತ್ತಾರೆ. ಸುಣ್ಣದ ಗಾರೆಯು ಗಾಳಿಯಿಂದ ಈ ವಾಯುವನ್ನೇ ಹೀರಿ ಕಲ್ಲಾಗುವುದಷ್ಟೆ. ಅಲ್ಲಿ ವರ್ಷಗಟ್ಟಲೆ ನಡೆಯುವ ಕ್ರಿಯೆಯನ್ನು ಇಲ್ಲಿ ಯಂತ್ರದಲ್ಲಿ ಬೇಗನೆ ನಡೆಸುವರು. ೫೬ ತೂಕದ ಸುಟ್ಟ ಸುಣ್ಣವು ೪೪ ತೂಕದ ವಾಯುವನ್ನು ಹಿಡಿದು ೧೦೦ ತೂಕದ ಸುಣ್ಣಕಲ್ಲಾಗುವುದು. ಅರಳಬೇಕಾದ ಸುಣ್ಣವು ಹೀಗೆ ಮೊದಲೇ ಕಲ್ಲಾಗುವುದರಿಂದ ಉಬ್ಬುವ ಭಯವು ಬಹಳಮಟ್ಟಿಗೆ ತಗ್ಗುವುದು.

ಇದರಿಂದ ಲಾಭವು ಎರಡು ಬಗೆಯಾಗಿದೆ. ಒಂದು ಟನ್ ಸಿಮೆಂಟಿನ ಕ್ಲಿಂಕರನ್ನು ಸುಡುವಾಗ ಸುಣ್ಣಕಲ್ಲಿನಿಂದಲೇ ಸುಮಾರು ಅರ್ಧ ಟನ್ ಇಂಗಾಲಾಮ್ಲವಾಯು ಹೊರಬೀಳುವುದು, ಉರುವಲಿನದು ಬೇರೆ. ಸಂಸ್ಕರಿಸಿದ ಕಿಟ್ಟವು ಕ್ಲಿಂಕರನ್ನು ಉಳಿಸುವುದಲ್ಲದೆ, ತಾನೇ ಅಷ್ಟಿಷ್ಟು ವಾಯುವನ್ನು ಹಿಡಿದಿಡುವುದು. ಕೆನಡಾ ದೇಶದ ಮಾಂಟ್ರಿಯಲ್ಲಿನ ಒಂದು ಸಂಸ್ಥೆಯವರು ಸಿಮೆಂಟನ್ನೇ ಬಳಸದೆ ಉಕ್ಕಿನ ಕಿಟ್ಟವನ್ನು ಈ ವಾಯುವಿನಿಂದ ಗಟ್ಟಿಮಾಡಿ ಇಟ್ಟಿಗೆಗಳನ್ನು ತಯಾರಿಸಿದ್ದಾರೆ. ಆದರೆ ಪುಡಿಯಾಗಿ ಬೆರೆಸುವಾಗ ಇದಕ್ಕೆ ಸಿಮೆಂಟಿನಷ್ಟು ಬಂಧಕಶಕ್ತಿಯಿಲ್ಲ. ಆದ್ದರಿಂದ ಸಾಮಾನ್ಯವಾಗಿ ನೂರಕ್ಕೆ ೧೦ರಿಂದ ೨೦ ಭಾಗದಷ್ಟನ್ನೇ ಬದಲಿಸುವರು. ಮಿತಿಮೀರಿದರೆ ಬಲವು ಕುಂದುವುದು.

ಗ್ರಾಮಸ್ಥರು ಗಮನಿಸತಕ್ಕ ಅಂಶಗಳು:

೧. ಕಾರ್ಖಾನೆಯ ಹಸಿ ಕಿಟ್ಟವನ್ನು ಅಗ್ಗವೆಂದು ತಂದು ಸಿಮೆಂಟಿಗೆ ಬೆರೆಸಕೂಡದು. ಹೊರಗೆ ಹಳೆಯದಾಗಿ ಕಂಡರೂ ಹರಳಿನ ಒಳಗೆ ಸುಣ್ಣವು ಹಸಿಯಾಗಿಯೇ ಇರಬಹುದು.

೨. ಸಂಸ್ಕರಿಸಿದ್ದೆಂದು ಹೇಳಿದರೆ ಪರೀಕ್ಷಾಪತ್ರವನ್ನು ಕೇಳಬೇಕು. ಬೆರೆತ ಸಿಮೆಂಟಿನ ಉಬ್ಬುವಿಕೆಯು ಲೆ ಷಾಟ್ಲಿಯೇ ಪರೀಕ್ಷೆಯಲ್ಲಿ ೧೦ ಮಿಲಿಮೀಟರನ್ನೂ ಆಟೋಕ್ಲೇವ್ ಪರೀಕ್ಷೆಯಲ್ಲಿ ನೂರಕ್ಕೆ ೦.೮ನ್ನೂ ಮೀರಿರಬಾರದು. ಮೆಗ್ನೀಷಿಯದ ದೋಷವು ಎರಡನೆಯದರಲ್ಲಿ ಮಾತ್ರ ಗೊತ್ತಾಗುವುದರಿಂದ ಎರಡೂ ಅಗತ್ಯ.

೩. ಜಲ್ಲಿಗೆ ಬದಲಾಗಿಯೂ ಉಕ್ಕಿನ ಕಿಟ್ಟವನ್ನು ಕಬ್ಬಿಣದ ಸರಳಿರುವ ಕಾಂಕ್ರೀಟಿಗೆ ಹಾಕಕೂಡದೆಂದು ೨೦೧೬ರ ಭಾರತೀಯ ಮಾನಕವು ವಿಧಿಸಿದೆ. ರಸ್ತೆಗೆ ಅದು ಉಪಯುಕ್ತ. ಸೂರತ್ತಿನ ಹಜೀರಾದಲ್ಲಿ ೨೦೨೨ರಲ್ಲಿ ಇಂಥ ರಸ್ತೆಯಾಗಿದೆ.

೪. ಮಿಶ್ರ ಸಿಮೆಂಟು ನಿಧಾನವಾಗಿ ಬಲಗೊಳ್ಳತಕ್ಕದ್ದು. ಕೆಲಸಕ್ಕೆ ಕನಿಷ್ಠ ೧೦ ದಿನ, ಬೇಸಗೆಯಲ್ಲಿ ೧೪ ದಿನ ನೀರುಣಿಸಬೇಕು.

ಬಾವಿಯನ್ನೂ ಕಾಲುವೆಯನ್ನೂ ಒಮ್ಮೆ ಕಟ್ಟಿಸುವವರು ಮಕ್ಕಳ ಕಾಲಕ್ಕೂ ನಿಲ್ಲಲೆಂದು ಕಟ್ಟಿಸುವರು. ಇಂದು ಚೀಲವೊಂದರಲ್ಲಿ ಉಳಿಯುವ ಕೆಲವು ರೂಪಾಯಿಗಳಿಗಾಗಿ ನಾಳೆ ಇಡೀ ಕಟ್ಟಡವನ್ನು ಕಳೆದುಕೊಳ್ಳುವುದು ಉಳಿತಾಯವಲ್ಲ. ಪರೀಕ್ಷಿತವಾದ ಸರಕನ್ನು ಬಳಸುವುದೂ, ಪರೀಕ್ಷೆಯಿಲ್ಲದುದನ್ನು ದೂರವಿಡುವುದೂ ಗ್ರಾಮದ ಹಿರಿಯರು ಎಲ್ಲರಿಗೂ ತಿಳಿಯಹೇಳತಕ್ಕ ವಿಷಯವಾಗಿದೆ.